ಮೂರು ಪಾವು ನೋವು

"ಅವಳನ್ನೇನು ಕೇಳ್ತೀರಿ ಡಾಕ್ಟ್ರೇ, ನನ್ನ ಕೇಳಿ. ಆ ರಟ್ಟೆ ಏಳಾಕೇ ಇಲ್ಲ. ಬೀಸೋ ಕಲ್ಲಿನ ಗೂಟ ಇಡ್ಕಂಡ್ರೆ ಸಾಕು, ಉಸ್ ಅಂತಾಳೆ."

ಹುಣಸೂರಿನ ಆಸ್ಪತ್ರೆಯ ಜಗಲಿಯಲ್ಲಿ ನಿಂತು ಮರಮ್ಮ ಸೊಸೆಯ ನೋವನ್ನೆಲ್ಲ ತಾನೇ ಒಪ್ಪಿಸುತ್ತಿದ್ದಳು. ಸೊಸೆ ಚಿಕ್ಕಸಿದ್ದಮ್ಮ ಸೆರಗನ್ನು ಬಲಗೈ ಮೇಲೆ ಎಳೆದುಕೊಂಡು ನೆಲ ನೋಡುತ್ತ ಕೂತಿದ್ದಳು.

ಡಾಕ್ಟರು ಶಿವನಂಜಪ್ಪ ನಕ್ಕರು. "ನೋವು ನಿಮಗೋ ಅವಳಿಗೋ? ಅವಳೇ ಹೇಳಲಿ. ನೋಡು ತಾಯಿ, ತಡೆಯೋಕೇ ಆಗದ ನೋವು ಹದಿನಾರಾಣೆ ಅಂತಿಟ್ಟುಕೋ. ನಿಂದೆಷ್ಟಾಣೆ?"

"ಆಣೆ ಲೆಕ್ಕ ಅವಳಿಗೇನು ಗೊತ್ತು ಸ್ವಾಮೀ! ಸಂತೆಗೆ ಓಗೋಳು ನಾನು. ಸೇರು, ಪಾವಲ್ಲಿ ಕೇಳಿ, ಏಳ್ತಾಳೆ."

"ಆಗಲಿ. ಸೇರು ತುಂಬಿದರೆ ತಡೆಯೋಕಾಗದ ನೋವು. ನಾಲ್ಕು ಪಾವಲ್ಲಿ ನಿಂದು ಎಷ್ಟು ಪಾವು?"

ಕೋಟೆ ಸೀಮೆಯ ಅವರ ಹಳ್ಳಿಯಲ್ಲಿ, ಬೀಸೋಕಾಗದ ಸೊಸೆಯನ್ನು ಕೈ ನೆಟ್ಟಗಾಗುವವರೆಗೆ ತವರಿಗೆ ಕಳಿಸುವುದು ವಾಡಿಕೆ. ಪಕ್ಕದ ಮನೆಯ ಪುಟ್ಟಸಿದ್ದಮ್ಮ ಹಾಗೇ ಹೋಗಿ ಕೆನ್ನೆ ತುಂಬಿಕೊಂಡು ಬಂದಿದ್ದಳು. ಚಿಕ್ಕಸಿದ್ದಮ್ಮ ತನ್ನ ತವರೂರು ಸಾಲಿಗ್ರಾಮವನ್ನು ನೋಡಿ ಎರಡು ಗೌರಿಹಬ್ಬ ಕಳೆದಿತ್ತು. ಅಲ್ಲಿ ಅವ್ವನೂ ತಾನೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಹಿಟ್ಟು ಮೆತ್ತಿದ ಅವ್ವನ ಬೆರಳು ತನ್ನ ಬೆರಳ ಮೇಲೆ ಬೆಚ್ಚಗೆ ಕೂರುತ್ತಿತ್ತು. ಬೆಳಕು ಹರಿದ ಮೇಲೆ ಹೊಳೆಗೆ ಇಳಿದರೆ ಮನೆ ನೆನಪೇ ಆಗುತ್ತಿರಲಿಲ್ಲ. ಇಲ್ಲಿ ಬಾವಿಯಿಂದ ನೀರು ಸೇದುವಾಗಲೂ ಆ ಹೊಳೆಯ ಸದ್ದು ಕೇಳಿದಂತಾಗಿ, ಹಗ್ಗ ಹಿಡಿದುಕೊಂಡೇ ನಿಂತುಬಿಡುತ್ತಿದ್ದಳು.

ನಿಜ ಹೇಳಿದರೆ ನೋವು ಎರಡು ಪಾವು. ಎರಡೆಂದರೆ ಎಣ್ಣೆ ಕೊಟ್ಟು ಕಳಿಸಿಯಾರು. ಪೂರ್ತಿ ಸೇರೆಂದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿಯಾರು. ಎರಡರಲ್ಲೂ ಅವ್ವ ಸಿಗುವುದಿಲ್ಲ.

"ಮೂರು ಪಾವು," ಎಂದಳು.

"ಮಟ್ಟಸ ಮಾಡಿದ ಪಾವೋ, ರಾಶಿ ನಿಂತ ಪಾವೋ?" ಡಾಕ್ಟರು ಕೇಳಿದರು.

"ರಾಶಿ ನಿಂತದ್ದೇ ಕಣ್ರೀ!" ಎಂದಳು ಮರಮ್ಮ, ತನ್ನ ಮನೆಯ ಅಳತೆಗೆ ಯಾರೋ ಕುಂದು ಹೇಳಿದರೆಂಬಂತೆ.

ಡಾಕ್ಟರು ರಟ್ಟೆ ಒತ್ತಿ ನೋಡಿದರು. "ಅಯ್ಯವ್ವಾ" ಎಂಬ ಕೂಗು ತಾನಾಗಿಯೇ ಬಂತು. ಅವರು ಬಿಳಿ ಬಟ್ಟೆ ತರಿಸಿ, ಕೈಯನ್ನು ಕೊರಳಿಗೆ ತೂಗುಹಾಕಿ ಕಟ್ಟಿದರು. "ಒಂದು ತಿಂಗಳು ಬೀಸಕೂಡದು, ನೀರು ಸೇದಕೂಡದು. ತಿಳೀತೇನಮ್ಮ?"

ಚಿಕ್ಕಸಿದ್ದಮ್ಮ ಅತ್ತೆಯ ಮುಖ ನೋಡಿದಳು. ಈಗ ಅತ್ತೆ ಒಂದು ಮಾತು ಆಡಬೇಕು, ಅಷ್ಟೆ. ಹುಣಸೂರಿನಿಂದಲೇ ಸಾಲಿಗ್ರಾಮಕ್ಕೆ ಹೋಗುವ ಎಡತೊರೆ ದಾರಿ ಹಿಡಿದರಾಯಿತು.

ಆಸ್ಪತ್ರೆಯ ಮುಂದೆ ಅವಳ ಗಂಡ ಚಿಕ್ಕಮಾದು ಗಾಡಿಗೆ ಎತ್ತು ಕಟ್ಟಿ ಕಾಯುತ್ತಿದ್ದ. "ಏನಂದ್ರವ್ವ?"

"ತಿಂಗ್ಳು ಬೀಸಂಗಿಲ್ವಂತೆ."

"ಅಂಗಾದ್ರೆ ಸಾಲಿಗ್ರಾಮಕ್ಕೆ ಬುಟ್ ಬರಾನ?"

ಮರಮ್ಮ ಮಗನತ್ತ ತಿರುಗಿದಳು.

"ಯಾಕ್ಲಾ? ಮೂರು ಪಾವು ನೋವಿಟ್ಕಂಡಿರೋ ಮಗೀನ ಗಾಡೀಲಿ ಅಷ್ಟ್ ದೂರ ಕುಲುಕಿಸ್ಕಂಡ್ ಓಗ್ತೀಯಾ? ಊರಲ್ಲಿ ಸೊಸೇರ್ನ ತಳ್ಳೋರು ತಳ್ಳಲಿ. ನಾನೇನ್ ಸತ್ತೋಗಿದ್ದೀನಾ? ನಾನೇ ಬೀಸ್ತೀನಿ. ನನ್ನೆದುರ್ಗೇ ಕೂತಿರ್ಲಿ, ಎಣ್ಣೆ ನೀವ್ತೀನಿ."

"ಅತ್ತೆ, ನಿಮಗೂ ಮಂಡಿನೋವು..."

"ನಂಗೆಂತ ನೋವು? ಸುಮ್ಕೆ ಅತ್ತು ಗಾಡಿ."

ಹಾಗೆಂದವಳು ತಾನು ಹತ್ತುವಾಗ ಮಗನ ಹೆಗಲು ಹಿಡಿದು, ಹಲ್ಲು ಕಚ್ಚಿ, ಮಂಡಿ ಮೇಲೆತ್ತಿದಳು. ಆ ಮುಖ ನೋಡಿದ ಮೇಲೆ ಚಿಕ್ಕಸಿದ್ದಮ್ಮನಿಗೆ ತವರಿನ ಮಾತೆತ್ತುವ ಮನಸ್ಸಾಗಲಿಲ್ಲ.

"ಅಳ್ತಿದ್ದೀಯೇನವ್ವ?"

"ಇಲ್ಲ ಅತ್ತೆ. ದೂಳು."

ಗಾಡಿ ಊರ ಕಡೆಯ ಕೋಟೆ ದಾರಿಗೆ ತಿರುಗಿತು. ಎಡತೊರೆ ಕಡೆ ಹೊರಟಿದ್ದ ಇನ್ನೊಂದು ಗಾಡಿ ಹಿಂದೆ ಸರಿಯುತ್ತ ಸಣ್ಣದಾಯಿತು. ಬಿಸಿಲಿಗೆ ಕಣ್ಣು ಮರೆಮಾಡಿ ನೋಡಲೆಂದು ಚಿಕ್ಕಸಿದ್ದಮ್ಮ ಬಲಗೈಯನ್ನೇ ಎತ್ತಿಬಿಟ್ಟಳು. ಕಟ್ಟು ಸಡಿಲಿತು. ಅದನ್ನು ಕಂಡ ಮರಮ್ಮ ಸೊಸೆಯ ಬೆನ್ನಿಗೆ ಸರಿದು ಕೂತು, ಕೊರಳ ಹಿಂದಿನ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟತೊಡಗಿದಳು.