ಬೋಜಪ್ಪಣ್ಣನ ತಿಂಡಿ

ಪುತ್ತೂರಿನ ಆ ನರ್ಸಿಂಗ್ ಕಾಲೇಜಿನ ಲ್ಯಾಬಿನಲ್ಲಿ ಖಾಯಂ ಅಡ್ಮಿಟ್ ಆಗಿರುವ ರೋಗಿ ಒಬ್ಬನೇ: ರಬ್ಬರ್ ಚರ್ಮದ ಆರಡಿ ಬೊಂಬೆ. ಕಂಪೆನಿಯವರು ಅವನಿಗೆ ಕೊಟ್ಟದ್ದು ಬರೀ ಒಂದು ನಂಬರ್. ಬೋಜಪ್ಪಣ್ಣ ಎಂಬ ಹೆಸರು ಕೊಟ್ಟದ್ದು ಮಕ್ಕಳು. ಎದೆ ಏರಿಳಿಯುತ್ತದೆ, ನಾಡಿ ಮಿಡಿಯುತ್ತದೆ, ರೆಪ್ಪೆ ಬಡಿಯುತ್ತದೆ; ಭೋಜನವೊಂದು ಬಿಟ್ಟು ಬೋಜಪ್ಪಣ್ಣನಿಗೆ ಎಲ್ಲವೂ ಉಂಟು. ಮಾತು ಮಾತ್ರ ಸ್ವಂತದ್ದಲ್ಲ. ಪರದೆಯ ಹಿಂದೆ ಕೂತವರು ಮೈಕಿನಲ್ಲಿ ಹೇಳಿದ್ದು ಅವನ ಕುತ್ತಿಗೆಯ ಸ್ಪೀಕರಿನಿಂದ ಹೊರಡುತ್ತದೆ.

ಆ ಮೈಕು ಸಫೀರನ ಕೈಗೆ ಬಂದದ್ದು ಶಿಕ್ಷೆಯಾಗಿ. ಎರಡನೇ ಬೆಂಚಿನ ಈ ಈಶ್ವರಮಂಗಲದ ಆಸಾಮಿ ಒಂದು ಬೆಳಿಗ್ಗೆ, ಪಾಠ ಮಾಡುವ ಗೋದಾವರಿ ಮೇಡಂ ಅವರ ಸ್ವರದಲ್ಲಿ ಹಾಜರಿ ಕರೆದಿದ್ದ. ಹದಿನೇಳು ಜನ ಭಯಭಕ್ತಿಯಿಂದ ‘ಎಸ್ ಮೇಡಂ’ ಅಂದರು. ಹದಿನೆಂಟನೆಯ ‘ಎಸ್’ ಬಾಗಿಲಿನಿಂದ ಬಂತು, ಖುದ್ದು ಮೇಡಂ ಬಾಯಿಂದ. ಅವರು ಬೈಯಲಿಲ್ಲ. ಇನ್ನು ಮೇಲೆ ನಮ್ಮ ರೋಗಿಗಳಿಗೆಲ್ಲ ನೀನೇ ಸ್ವರ ಎಂದು ಮೈಕಿನ ಎದುರು ಕೂರಿಸಿಬಿಟ್ಟರು.

ಇದೆಲ್ಲ ಅಮೀರಾಳಿಗೆ ತಮಾಷೆಯಾಗಿ ಕಾಣುತ್ತಿರಲಿಲ್ಲ. ಅದೇ ಕ್ಲಾಸಿನ, ಕಬಕದ ಅಮೀರಾ ಓದಿನಲ್ಲಿ ಮುಂದೆ, ಆದರೆ ಸೂಜಿ ಹಿಡಿದರೆ ಕೈ ನಡುಗುತ್ತಿತ್ತು. ಬೋಜಪ್ಪಣ್ಣನ ಎದುರು ನಡೆಯುವ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ಸೋಮವಾರದಿಂದ ವಾರ್ಡು. ಆಗದವರು ಲ್ಯಾಬಿನಲ್ಲೇ ಉಳಿಯಬೇಕು. ಸಜೀವ ಮನುಷ್ಯರ ಹತ್ತಿರ ಹೋಗುವ ಯೋಗ್ಯತೆ ತನಗುಂಟೋ ಇಲ್ಲವೋ ಎನ್ನುವುದು ಆ ಪರೀಕ್ಷೆಯಲ್ಲೇ ತೀರ್ಮಾನವಾಗುತ್ತದೆಂದು ಅವಳು ನಿದ್ದೆಗೆಟ್ಟಿದ್ದಳು.

ಪರೀಕ್ಷೆಯ ದಿನ ಬೋಜಪ್ಪಣ್ಣನಿಗೆ ಸೀರೆ ಸುತ್ತಿ ಸಫಿಯಮ್ಮ ಎಂಬ ಅಜ್ಜಿ ಮಾಡಿದ್ದರು. ಸಕ್ಕರೆ ಕಾಯಿಲೆ. ಚೀಟಿಯಲ್ಲಿ ಡಾಕ್ಟರು ಬರೆದದ್ದು ಸ್ಪಷ್ಟ: ತಿಂಡಿ ತಿಂದಿದ್ದರೆ ಮಾತ್ರ ಇನ್ಸುಲಿನ್. ಅಮೀರಾ ಕೈ ತೊಳೆದಳು, ಹೆಸರು ಕೇಳಿದಳು, ಚೀಟಿ ಎರಡು ಸಲ ಓದಿದಳು.

“ತಿಂಡಿ ಆಯ್ತಾ ಅಜ್ಜಿ?”

“ಆಯ್ತು ಮಗಳೇ, ಆಯ್ತು,” ಎಂದಿತು ಬೊಂಬೆ, ಹಲ್ಲಿಲ್ಲದ ಬಾಯಿಯ ಇಂಪಿನಲ್ಲಿ.

ಅವತ್ತು ಕೈ ನಡುಗಲೇ ಇಲ್ಲ. ಹತ್ತು ಯೂನಿಟ್ ಅಳತೆಗೆ ಸರಿಯಾಗಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಜ್ಜಿಯ ಮಾತು ತೊದಲಿತು, ಕಣ್ಣು ಮುಚ್ಚಿತು, ಯಂತ್ರ ಕೂಗಿಕೊಂಡಿತು. ಸಫಿಯಮ್ಮ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ.

ಅಮೀರಾ ಅಳುತ್ತಲೇ ಪರದೆ ಸರಿಸಿದಳು. ಸುಳ್ಳು ಹೇಳಿ ನನ್ನನ್ನು ಮುಳುಗಿಸಿದೆಯಲ್ಲ ಎಂದು ಸಫೀರನನ್ನು ತರಾಟೆಗೆ ತೆಗೆದುಕೊಂಡಳು. ರೋಗಿ ಯಾವುದಕ್ಕೆ ಏನು ಹೇಳಬೇಕೆಂದು ತಾವೇ ಬರೆದಿದ್ದ ಕಾಗದವನ್ನು ಮೇಡಂ ನೋಡಿದರು. ತಿಂಡಿಯ ಪ್ರಶ್ನೆಗೆ ಅಲ್ಲಿ ‘ಇಲ್ಲ’ ಎಂದೇ ಇತ್ತು. ಯಾಕಪ್ಪ ಬದಲಾಯಿಸಿದೆ ಎಂದು ಕೇಳಿದರು. ಸಫೀರ್ ಮೊದಲ ಬಾರಿಗೆ ಸ್ವಂತ ಸ್ವರದಲ್ಲಿ ಮಾತಾಡಿದ.

“ನನ್ನ ಅಜ್ಜಿಯ ಸ್ವರ ಹಿಡಿದಿದ್ದೆ ಮೇಡಂ. ಆ ಸ್ವರದಲ್ಲಿ ‘ಇಲ್ಲ’ ಬರುದೇ ಇಲ್ಲ. ಕೇಳಿದವರ ಎದುರು ತಿಂಡಿ ಆಗಲಿಲ್ಲ ಅಂದರೆ, ಕೊಡಿ ಅಂತ ಕೈ ಚಾಚಿದ ಹಾಗೆ ಅಲ್ವಾ?”

ಮೇಡಂ ಕುರ್ಚಿಯಲ್ಲಿ ಕೂತರು. ಬೆಳಿಗ್ಗೆ ಗೇಟಿನ ಹತ್ತಿರ ನಾನು ಎಲ್ಲರನ್ನೂ ತಿಂಡಿ ಆಯ್ತಾ ಅಂತ ಕೇಳಿದೆನಲ್ಲ, ತಿನ್ನದೆ ‘ಆಯ್ತು’ ಅಂದವರು ಯಾರೆಲ್ಲ ಎಂದರು. ಸುತ್ತ ಸರದಿ ಕಾಯುತ್ತಿದ್ದ ಮಕ್ಕಳಲ್ಲಿ ಒಂದು ಕೈ ಎದ್ದಿತು, ಮತ್ತೆ ಮೂರು, ಆಮೇಲೆ ಒಂಬತ್ತು. ಕೊನೆಗೆ ಅಮೀರಾಳದ್ದು. ಹೆದರಿಕೆಯಲ್ಲಿ ಅವಳು ಉಮ್ಮ ಕೊಟ್ಟ ಪತ್ತಿರ್ ರೊಟ್ಟಿ ಮುಟ್ಟದೆ ಬಂದಿದ್ದಳು. ಮೇಡಂಗೆ ನಗುನಗುತ್ತಾ ‘ಆಯ್ತು’ ಅಂದಿದ್ದಳು.

“ಈ ಅಜ್ಜಿಗೆ ನಾನಾದರೂ ಸೂಜಿ ಕೊಟ್ಟುಬಿಡುತ್ತಿದ್ದೆ ಮಾರಾಯ್ತಿ,” ಎಂದರು ಮೇಡಂ. “ಇಪ್ಪತ್ತೆರಡು ವರ್ಷದ ಸರ್ವೀಸು ನನ್ನದು.”

ಆದರೂ ಅವತ್ತು ಅವಳನ್ನು ಪಾಸು ಮಾಡಲಿಲ್ಲ. ಶನಿವಾರ ಇನ್ನೊಂದು ಸಲ ಬಾ ಎಂದರು. ಅಲ್ಲಿವರೆಗೆ ದಿನಾ ಊಟದ ವಿರಾಮದಲ್ಲಿ ಸಫೀರ್ ಅವಳಿಗಾಗಿ ಮೈಕಿನ ಎದುರು ಕೂತ. ಕಿವಿ ಕೇಳದ ಅಜ್ಜ, ಎಲ್ಲದಕ್ಕೂ ‘ಹೂಂ’ ಅನ್ನುವ ಬಾಣಂತಿ, ಗಲ್ಫಿನಿಂದ ಬಂದು ತನಗೆ ಎಲ್ಲ ಗೊತ್ತುಂಟು ಅನ್ನುವ ಮಾವ, ಹೀಗೆ ಒಂದು ವಾರ್ಡಿಗೆ ಸಾಲುವಷ್ಟು ಜನ ಒಂದೇ ರಬ್ಬರ್ ದೇಹದಲ್ಲಿ ನರಳಿದರು. ಶನಿವಾರ ಅಮೀರಾ ಪಾಸಾದಳು.

ಸೋಮವಾರ ಅವಳಿಗೆ ಸಿಕ್ಕಿದ ಮೊದಲ ರೋಗಿ ಆಲೆಟ್ಟಿಯ ಕಮಲಾವತಿ, ಎಪ್ಪತ್ತು ದಾಟಿದವರು. ಸಕ್ಕರೆಯೇ. ಚೀಟಿಯಲ್ಲಿಯೂ ಅದೇ ಮಾತು. ತಿಂಡಿ ಆಯ್ತಾ ಎಂದು ಕೇಳಿದಾಗ ಉತ್ತರವೂ ಅದೇ, ಅಷ್ಟೇ ಇಂಪಾಗಿ. ಹಿಂದೆ ನಿಂತ ಸಿಸ್ಟರಿಗೆ ಇನ್ನೂ ಹನ್ನೊಂದು ಮಂಚ ಬಾಕಿ. ಹೇಳಿದರಲ್ಲ, ಕೊಟ್ಟು ಮುಂದೆ ಹೋಗು ಎಂದು ಅವಸರಿಸಿದರು. ಅಮೀರಾಳ ಕೈಯಲ್ಲಿ ಸೂಜಿ ತಯಾರಿತ್ತು. ಅವಳು ಅದನ್ನು ಟ್ರೇಯಲ್ಲಿ ಇಟ್ಟು, ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು.

“ಎಂತ ತಿಂದದ್ದು ಅಜ್ಜಿ?”

ಕಮಲಾವತಿ ಕಿಟಕಿ ನೋಡಿದರು. ಅದೇ, ಇದ್ದದ್ದು ಎಂದರು. ಇದ್ದದ್ದು ಎಂತ ಎಂದು ಕೇಳಿದಾಗ ಅವರ ಕೈ ಮೆಲ್ಲನೆ ದಿಂಬಿನ ಹಿಂದೆ ಹೋಯಿತು. ಅಲ್ಲಿ ಇಡ್ಲಿಯ ಪೊಟ್ಟಣ, ಕಟ್ಟಿದ ನೂಲು ಕಟ್ಟಿದ ಹಾಗೆಯೇ.

“ಸೋಮವಾರ ನನಗೆ ಒಪ್ಪೊತ್ತು ಮಗಾ. ಬೆಳಿಗ್ಗೆ ಏನೂ ಮುಟ್ಟುದಿಲ್ಲ. ನೀನು ಅಷ್ಟು ಪ್ರೀತಿಯಲ್ಲಿ ಕೇಳಿದೆ, ಇಲ್ಲ ಅಂತ ಹೇಗೆ ಹೇಳುದು?”

ಸಿಸ್ಟರ್ ಆ ಟ್ರೇಯನ್ನು ತಾವೇ ಎತ್ತಿಕೊಂಡು ಡಾಕ್ಟರನ್ನು ಕರೆಯಲು ಹೋದರು. ಆಗ ಅಮೀರಾಳ ಕೈ ನಡುಗಲು ಶುರುವಾಯಿತು. ಕಮಲಾವತಿ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ನಿನಗೆ ತಿಂಡಿ ಆಯ್ತಾ ಮಗಾ ಎಂದು ವಿಚಾರಿಸಿದರು. ಅಮೀರಾ ಬಾಯಿ ತೆರೆದವಳು ತಡೆದು, ಇಲ್ಲ ಅಜ್ಜಿ ಎಂದು ಸತ್ಯ ಹೇಳಿದಳು.

ಮರುದಿನ ಅವಳು ಕಾಲೇಜಿಗೆ ಬರುವಾಗ ಕೈಯಲ್ಲಿ ಉಮ್ಮ ಮಾಡಿದ ಪತ್ತಿರ್, ಕೋಳಿ ಸಾರು ಎರಡು ಡಬ್ಬಿ ತುಂಬ ಇತ್ತು. ಒಂದನ್ನು ಗೋದಾವರಿ ಮೇಡಂ ಮೇಜಿನ ಮೇಲಿಟ್ಟು, ಆದದ್ದೆಲ್ಲ ಹೇಳಿದಳು. ಮೇಡಂ ತಮ್ಮ ಹಳೆಯ ಕಾಗದ ತೆಗೆದು ‘ಇಲ್ಲ’ ಎಂಬಲ್ಲಿ ಗೀಟೆಳೆದು ‘ಆಯ್ತು’ ಎಂದು ಬರೆದು, ಪಕ್ಕದಲ್ಲಿ, ಇದನ್ನು ಕಲಿಸಿದವರೆಂದು, ಸಫೀರನ ಅಜ್ಜಿಯ ಹೆಸರು ಕೇಳಿ ಬರೆಯಬೇಕು ಎಂದರು.

ಇನ್ನೊಂದು ಡಬ್ಬಿ ಹಿಡಿದು ಲ್ಯಾಬಿಗೆ ಹೋದರೆ ಬೋಜಪ್ಪಣ್ಣ ಸೀರೆ ಕಳಚಿ ಮಲಗಿದ್ದ. ಪರದೆಯ ಕೆಳಗೆ ಪರಿಚಯದ ಚಪ್ಪಲಿ ಕಾಣುತ್ತಿತ್ತು. ಅಮೀರಾ ಬೊಂಬೆಯ ಹತ್ತಿರ ಬಗ್ಗಿ, ನಿನ್ನೆ ಒಬ್ಬರು ಅಜ್ಜಿ ನಿಮ್ಮಿಂದ ಉಳಿದರು, ನಾನೂ ಉಳಿದೆ ಎಂದಳು.

“ತಿಂಡಿ ಆಯ್ತಾ ಬೋಜಪ್ಪಣ್ಣ?”

“ಆಯ್ತು ಮಗಳೇ, ಆಯ್ತು.”

“ಎಂತ ತಿಂದದ್ದು?”

ಪರದೆಯ ಸಂದಿಯಿಂದ ಒಂದು ಕೈ, ಅಂಗೈ ಮೇಲೆ ಮಾಡಿಕೊಂಡು, ಹೊರಗೆ ಬಂತು.