ಹಗೇವಿನ ಮೇಲೆ ಕುರ್ಚಿ

ಒಂದೂರಿನಲ್ಲಿ ಒಬ್ಬ ರಾಜನಿದ್ದ ಎಂದು ಅಜ್ಜಿಯರು ಕಥೆ ಶುರು ಮಾಡಿದರೆ ಆ ರಾಜನಿಗೆ ಒಂದೇ ಊರು ಇರುತ್ತಿತ್ತು. ಈ ಕಥೆಯ ಡಾಕ್ಟರ ಮಹಾಲಿಂಗಪ್ಪನಿಗೆ ನಾಲ್ಕಿದ್ದವು. ಸೋಮವಾರ ಹಾನಗಲ್ಲು, ಬುಧವಾರ ಶಿಗ್ಗಾಂವಿ, ಶುಕ್ರವಾರ ಸವಣೂರು, ಉಳಿದ ದಿನ ಹಿರೇಕೆರೂರು. ರಾಜನಿಗೆ ಆನೆಯಿತ್ತು, ಕುದುರೆಯಿತ್ತು. ಡಾಕ್ಟರನಿಗೆ ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತ ಓಡುವ ಬಾಡಿಗೆ ಮೋಟಾರು, ಮೋಟಾರು ಹೋಗದ ಕಡೆಗೆ ಎತ್ತಿನ ಗಾಡಿ, ಗಾಡಿಯ ಹಿಂಬದಿಯಲ್ಲಿ ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಕಂಪೌಂಡರ ಮುನಾಫ. ರಾಜನಿಗೆ ಪ್ರಜೆಗಳೆಂದರೆ ಪ್ರಾಣವಂತೆ. ಡಾಕ್ಟರನಿಗೆ ತನ್ನ ಪ್ರಜೆಗಳೆಂದರೆ ಆಗುತ್ತಿರಲಿಲ್ಲ.

ಆಗುವುದಾದರೂ ಹೇಗೆ? ಹಕೀಮನ ಗುಳಿಗೆ, ಮಠದ ವಿಭೂತಿ, ಡಾಕ್ಟರನ ಔಷಧ ಮೂರನ್ನೂ ಒಂದೇ ಗುಟುಕಿಗೆ ನುಂಗುವ ಜನ. ವಾಸಿಯಾದರೆ ವಿಭೂತಿಗೆ ಕಾಯಿ ಒಡೆಸುವರು, ಆಗದಿದ್ದರೆ ಡಾಕ್ಟರನ ಅಂಗಳಕ್ಕೆ ಬಂದು ಬೈಯುವರು. ಬಣ್ಣವಿಲ್ಲದ ಔಷಧ ಕೊಟ್ಟರೆ "ಇದೇನ್ರಿ, ಬಾವ್ಯಾಗಿನ ನೀರ ಕೊಟ್ರಿ?" ಎಂದು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುವರು. ಮುನಾಫ ಅದಕ್ಕೊಂದು ಚಿಟಿಕೆ ಕೆಂಪು ಹಾಕಿ ಅಲುಗಾಡಿಸಿ ಕೊಟ್ಟರೆ ಅರ್ಧ ರೋಗ ಅಲ್ಲಿಯೇ ಇಳಿಯುತ್ತಿತ್ತು. ಸಾಹುಕಾರರಂತೂ ತಮ್ಮ ಹೊಟ್ಟೆನೋವು ಊರವರ ಹೊಟ್ಟೆನೋವಿನಂಥದ್ದಲ್ಲ ಎಂದು ಡಾಕ್ಟರನ ಬಾಯಿಂದ ಕೇಳುವವರೆಗೆ ಬಿಡುತ್ತಿರಲಿಲ್ಲ. ಡಾಕ್ಟರ ಅಂದುಬಿಡುತ್ತಿದ್ದ. ಅಂದು, ಹೊರಗೆ ಬಂದು ಉಗುಳುತ್ತಿದ್ದ.

ಆದರೆ ನಾಲ್ಕೂರಿನ ತಿರಸ್ಕಾರವನ್ನೆಲ್ಲ ಅರೆದು ಸೋಸಿದರೆ ತಳದಲ್ಲಿ ನಿಲ್ಲುವ ಗಟ್ಟಿ ಗಸಿ ಒಬ್ಬನದೇ. ಹಂಸಭಾವಿಯ ಆಚೆಗಿನ ಒಂದು ಹಳ್ಳಿಯ ಚನ್ನವೀರಪ್ಪ ದೇಸಾಯಿ. ಇವನಿಗೆ ಸರಕಾರದಿಂದ ರಾವಸಾಹೇಬನೆಂಬ ಬಿರುದು ಬೇಕಾಗಿತ್ತು. ವಾಡೆಯ ಬಾಗಿಲ ಮೇಲೆ ಹೆಸರಿನ ಹಲಗೆ ಹಾಕಿಸುವಾಗ ಮುಂದೆ ಒಂದಿಷ್ಟು ಜಾಗ ಖಾಲಿ ಬಿಡಿಸಿದ್ದ. ಬಿರುದು ಬಂದ ದಿನ ಬಣ್ಣದವನು ಬರೀ ಆ ಜಾಗ ತುಂಬಿದರಾಯಿತು. ಯುದ್ಧಫಂಡಿಗೆ ಕೊಡುತ್ತಿದ್ದ, ತಾಲೂಕಿನ ಅಧಿಕಾರಿಯಾದ ಮಾಮಲೇದಾರನಿಗೆ ಮಾಲೆ ಹಾಕುತ್ತಿದ್ದ. ಸರಕಾರ ಪ್ರತಿ ರೈತನಿಂದ ಲೆವಿ ಜೋಳ ಅಳೆಸಿಕೊಳ್ಳುವಾಗ ಇವನೇ ಮುಂದೆ ನಿಂತು ಬಡವರ ಚೀಲ ಕಟ್ಟಿಸುತ್ತಿದ್ದ. ಇವನ ಸ್ವಂತದ ಜೋಳ ಮಾತ್ರ ವಾಡೆಯ ಅಂಗಳದ ಹಗೇವಿನಲ್ಲಿ, ಅಂದರೆ ಬಾಯಿ ಸಣ್ಣದು ಹೊಟ್ಟೆ ದೊಡ್ಡದಾದ ನೆಲದೊಳಗಿನ ಕಣಜದಲ್ಲಿ, ತಣ್ಣಗೆ ಮಲಗಿರುತ್ತಿತ್ತು. ಮಾಮಲೇದಾರನ ಮೋಟಾರಿನ ಧೂಳು ಊರ ಹೊರಗೆ ಕಂಡರೆ ಸಾಕು, ಆಳುಗಳು ಯಾರನ್ನೂ ಕೇಳದೆ ಹಗೇವಿನ ಬಾಯಿಗೆ ಹಾಸುಗಲ್ಲು ಸರಿಸಿ, ಸೆಗಣಿ ಮಣ್ಣಿನಿಂದ ಸಾರಿಸಿ, ಮೇಲೆ ಜಮಖಾನೆ ಹಾಸಿ, ಅದರ ಮೇಲೆ ಸಾಹೇಬರ ಕುರ್ಚಿಯನ್ನೇ ಇಟ್ಟುಬಿಡುತ್ತಿದ್ದರು. ಅದು ವಾಡೆಯ ಪದ್ಧತಿ. ಊರಿಗೆಲ್ಲ ಗೊತ್ತಿತ್ತು, ಕುರ್ಚಿಯ ಮೇಲೆ ಕೂಡುವವನೊಬ್ಬನನ್ನು ಬಿಟ್ಟು.

ಈ ವಾಡೆಯಲ್ಲಿ ಡಾಕ್ಟರ ಒಂದು ಮಾತು ಕೊಟ್ಟಿದ್ದ. ದೇಸಾಯಿಯ ಮೊದಲ ಮೊಮ್ಮಗನಿಗೆ ಮೈಲಿಬೇನೆ ಬಂದಾಗ, ದೇವಿ ಮುನಿಯುತ್ತಾಳೆಂದು ಡಾಕ್ಟರನನ್ನು ಒಳಗೆ ಬಿಡದೆ, ಕೂಸಿನ ಉಸಿರು ನಿಂತ ಮೇಲೆ ಕರೆಸಿದ್ದರು. ನೋಡಲು ಏನೂ ಉಳಿದಿರಲಿಲ್ಲ. ಹೊರಟವನನ್ನು ಕದದ ಮರೆಯಿಂದ ಒಂದು ದನಿ ತಡೆದಿತ್ತು. ಸೊಸೆ ಹೊನ್ನವ್ವ. ವಾಡೆಯ ಹೆಣ್ಣುಮಕ್ಕಳು ಗಂಡಸರ ಮುಂದೆ ಬರುವಂತಿರಲಿಲ್ಲ.

"ಡಾಕ್ಟರ, ಮುಂದ ನನಗ ಇನ್ನೊಂದ ಕೂಸ ಆದ್ರ ನೀವ ಬಂದು ಅದಕ್ಕ ದೇವಿ ಹಾಕಬೇಕು. ಯಾರ ಬ್ಯಾಡಂದ್ರೂ ಹಾಕಬೇಕು. ಮಾತು ಕೊಡ್ರಿ."

"ಕೊಟ್ನಿ, ತಂಗಿ."

ನಾಲ್ಕೂರಿನಲ್ಲಿ ಅವನು ತಿರಸ್ಕರಿಸದ ಒಂದೇ ಜೀವ ಆ ಕದದ ಹಿಂದಿತ್ತು. ಅವಳ ಮುಖವನ್ನು ಅವನು ನೋಡಿರಲಿಲ್ಲ.

ಆಮೇಲೆ ಹೊನ್ನವ್ವನಿಗೆ ಗುಡ್ಡಪ್ಪ ಹುಟ್ಟಿದ, ಅಂಬೆಗಾಲಿಟ್ಟ, ಓಡತೊಡಗಿದ. ಡಾಕ್ಟರ ಬಂದಾಗಲೆಲ್ಲ ದೇಸಾಯಿಗೊಂದು ನೆವ. ಹಲ್ಲು ಬರಾಕತ್ತಾವ, ಗ್ರಹಣ ಐತಿ, ಸ್ವಾಮಿಗಳು ಸಂಚಾರಕ್ಕ ಹೋಗ್ಯಾರ. ನಿಜವೇನೆಂದರೆ, ದೇವಿ ಹಾಕುವ ಆ ಲಸಿಕೆ ಆಕಳ ಕರುವಿನ ಕೀವು, ವಾಡೆಯ ರಕ್ತಕ್ಕೆ ಅದು ಸೇರಬಾರದು ಎಂದು ದೇಸಾಯಿಯ ಹೆಂಡತಿ ಸಿದ್ದವ್ವ ಹಠ ಹಿಡಿದಿದ್ದಳು. ದೇಸಾಯಿಯೂ ಹಾಗೆಯೇ ನಂಬಿದ್ದ. ಸಭೆಯಲ್ಲಿ ಮಾತ್ರ ಬೇರೆ ಹೇಳುತ್ತಿದ್ದ.

ಆ ವರ್ಷ ಬಂಕಾಪುರದಲ್ಲಿ ಮೈಲಿಬೇನೆ ಎದ್ದಿತು. ಹಳ್ಳಿಹಳ್ಳಿಗೂ ದೇವಿ ಹಾಕಿಸಬೇಕೆಂದು ಮಾಮಲೇದಾರ ಹುಕುಂ ಮಾಡಿದ್ದೇ ತಡ, ದೇಸಾಯಿ ತನ್ನ ಅಂಗಳವನ್ನೇ ಕೊಟ್ಟ, ಚಪ್ಪರ ಹಾಕಿಸಿದ, ತನ್ನ ಮನೆಯ ಡಾಕ್ಟರನೇ ಹಾಕಲೆಂದ. ಮಹಾಲಿಂಗಪ್ಪ ಯಲವಿಗಿ ಸ್ಟೇಶನ್ನಿಗೆ ಹೋಗಿ ಲಸಿಕೆಯ ಗಾಜಿನ ಕೊಳವೆಗಳನ್ನು ಇಳಿಸಿಕೊಂಡು, ಒದ್ದೆಬಟ್ಟೆಯಲ್ಲಿ ಸುತ್ತಿ, ಬಂಕಾಪುರದಲ್ಲಿ ಒಂದಿಷ್ಟು ಮಕ್ಕಳಿಗೆ ಹಾಕಿ, ಉಳಿದದ್ದನ್ನು ಹೊತ್ತು ತಂದ. ಆ ಬಿಸಿಲಿಗೆ ಅದು ಇನ್ನೊಂದು ದಿನ ತಾಳುವಂತಿರಲಿಲ್ಲ.

ಗಾಡಿ ವಾಡೆ ಮುಟ್ಟುವ ಹೊತ್ತಿಗೆ ಆಳುಗಳು ಅಂಗಳದ ನಡುವೆ ಗಡಿಬಿಡಿಯಿಂದ ಸೆಗಣಿ ಸಾರಿಸುತ್ತಿದ್ದರು. ಹಿಂದೆಯೇ ಮಾಮಲೇದಾರನ ಮೋಟಾರು ಬಂತು. ಜಮಖಾನೆ ಬಿತ್ತು, ಕುರ್ಚಿ ಬಂತು, ಸಾಹೇಬ ಕೂತ. ಪಕ್ಕದಲ್ಲಿಯೇ ಡಾಕ್ಟರನಿಗೊಂದು ಮೇಜು.

"ಡಾಕ್ಟರ ಸಾಹೇಬ್ರ," ಮುನಾಫ ಮೇಜು ಒರೆಸುತ್ತ ಪಿಸುಗುಟ್ಟಿದ, "ಸರಕಾರ ಜೋಳ ಹುಡುಕಾಕತ್ತೈತಿ, ಜೋಳದ ಮ್ಯಾಲ ಸರಕಾರ ಕುಂತೈತಿ."

"ಸುಮ್ನಿರೋ. ಸ್ಪಿರಿಟ್ ದೀಪ ಹಚ್ಚು."

ಅಷ್ಟರಲ್ಲಿ ದೇಸಾಯಿ ಜರಿ ರುಮಾಲು ಸುತ್ತಿಕೊಂಡು ಒಳಗಿನಿಂದ ಬಂದ. ಬಂದವನು ಕುರ್ಚಿಯನ್ನು ನೋಡಿದ. ನೋಡಿದಲ್ಲಿಯೇ ನಿಂತ. ಮುಖದ ಬಣ್ಣ ರುಮಾಲಿನ ಕೆಳಗಿಂದ ಇಳಿದುಹೋಯಿತು.

ಡಾಕ್ಟರನಿಗೆ ಒಳಗೊಳಗೇ ಸಕ್ಕರೆ ತಿಂದಂತಾಯಿತು. ಎಂದೂ ಹೆದರದವನು ಇಂದು ಹೆದರಿದ್ದಾನೆ. ಜೋಳದ ಸುದ್ದಿ ಮಾಮಲೇದಾರನ ಕಿವಿಗೆ ಬಿದ್ದಿರಬೇಕು.

"ಸಾಹೇಬರ, ಬಿಸಲಾಗ ಯಾಕ್ರಿ? ಒಳಗ ಪಡಸಾಲ್ಯಾಗ ಬರ್ರಿ. ಫಳಾರ ತಯಾರೈತಿ," ಎಂದ ದೇಸಾಯಿ.

"ಇಲ್ಲೇ ಗಾಳಿ ಛಲೋ ಐತ್ರಿ," ಎಂದ ಮಾಮಲೇದಾರ.

"ಅಲ್ರೀ, ಆ ಕಡೆ ನೆರಳಿಗಾದ್ರೂ..."

"ದೇಸಾಯರ, ನನ್ನ ಮೇಜು ಇಲ್ಲೇ ಹಾಕ್ಯಾರ," ಡಾಕ್ಟರ ಅಡ್ಡಬಂದ. "ಸಾಹೇಬರು ಎದ್ದು ಹೋದ್ರ ಮಂದೀನೂ ಎದ್ದು ಹೋಗ್ತಾರ. ಅವರು ಕುಂಡ್ರಲಿ, ನೀವು ಭಾಷಣ ಮಾಡ್ರಿ."

ದೇಸಾಯಿ ಭಾಷಣ ಮಾಡಿದ. ದೇವಿ ಹಾಕಿಸದವನು ಮೂಢ, ಅಂಥವನು ಊರಿಗೆ ಶತ್ರು, ಸರಕಾರಕ್ಕೆ ದ್ರೋಹಿ ಎಂದ. ಕಣ್ಣು ಮಾತ್ರ ಕುರ್ಚಿಯ ಕಾಲುಗಳ ಮೇಲಿಂದ ಏಳಲಿಲ್ಲ. ಬೆವರು ಕುತ್ತಿಗೆಗಿಳಿದು ಅಂಗಿಯ ಕಾಲರು ತೊಯ್ದಿತು. ಎಂಥ ಮುಟ್ಠಾಳ, ಎರಡು ಚೀಲ ಜೋಳಕ್ಕೆ ಇಷ್ಟು ಬೆವರು, ಎಂದುಕೊಂಡ ಡಾಕ್ಟರ. ಅವನಿಗೆ ಅವಸರವಿರಲಿಲ್ಲ. ಇಂಥ ನೋಟ ದಿನಾ ಸಿಗುವುದಲ್ಲ.

ಭಾಷಣ ಮುಗಿದರೂ ಕೂಸುಗಳನ್ನು ಎತ್ತಿಕೊಂಡ ಹೆಂಗಸರು ಚಪ್ಪರದ ಅಂಚಿನಿಂದ ಮುಂದೆ ಬರಲಿಲ್ಲ. ಗುಂಪಿನಿಂದ ಒಬ್ಬ ಮುದುಕಿ ಕೂಗಿದಳು, "ಮದಲ ಧಣ್ಯಾರ ಮನೀ ಕೂಸು ಬರ್ಲಿ, ಆಮ್ಯಾಲ ನಮ್ಮವು!"

"ಬರೋಬ್ಬರಿ ಮಾತು," ಎಂದ ಡಾಕ್ಟರ. "ಗುಡ್ಡಪ್ಪನ್ನ ಕರಸ್ರಿ, ದೇಸಾಯರ."

"ಅಂವ ಊರಾಗಿಲ್ರಿ. ಸ್ವಾದರಮಾವ ಬಂದು ಬಂಕಾಪುರಕ್ಕ ಕರಕೊಂಡು ಹೋಗ್ಯಾನ."

"ಬಂಕಾಪುರಕ್ಕ? ನಿನ್ನೆ ನಾ ಅಲ್ಲೇ ಇದ್ನಿ. ನಿಮ್ಮ ಬೀಗರ ಓಣ್ಯಾಗ ಬಾಗಲ ಬಾಗಲಕ್ಕ ಬೇವಿನ ತೊಪ್ಪಲ ಕಟ್ಯಾರ. ಅಲ್ಲಿಗೆ ನಾಯೀನೂ ಯಾರೂ ಕಳಸೂದಿಲ್ಲ, ನೀವು ಮೊಮ್ಮಗನ್ನ ಕಳಿಸೀರಿ?"

ಗುಂಪು ಕಿಸಕ್ಕೆಂದಿತು. ದೇಸಾಯಿ ತುಟಿ ಒರೆಸಿಕೊಂಡು, "ಹಂಗಾದ್ರ... ಇನ್ನೂ ಹಾದ್ಯಾಗ ಇರಬೇಕು" ಎಂದ.

ಆಗ ವಾಡೆಯ ಒಳಗಿನಿಂದ ಒಂದು ಚೀರು ಕೇಳಿಸಿತು. ಮರುಗಳಿಗೆಯಲ್ಲಿ ಒಬ್ಬ ಹೆಣ್ಣುಮಗಳು ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಹೊಸ್ತಿಲು ದಾಟಿ, ಗಂಡಸರ ನಡುವೆ ಹಾದು, ಅಂಗಳದ ನಟ್ಟನಡುವೆ ಬಂದು ನಿಂತಳು. ದನಿ ಕೇಳಿದ ಮೇಲೆ ಡಾಕ್ಟರನಿಗೆ ಅವಳು ಹೊನ್ನವ್ವ ಎಂದು ಗೊತ್ತಾಯಿತು.

"ಡಾಕ್ಟರ, ಕುರ್ಚಿ ತಗೀರಿ! ನನ್ನ ಕೂಸು ಹಗೇವದಾಗೈತಿ!"

"ಹುಚ್ಚ ಹಿಡದೈತಿ ಇದಕ್ಕ," ದೇಸಾಯಿ ಅಡ್ಡ ಬಂದ. "ಏ, ಒಳಗ ಒಯ್ಯರಿ ಇಕಿನ್ನ. ಇಲ್ಲಿ ಹಗೇವೂ ಇಲ್ಲ, ಏನೂ ಇಲ್ಲ."

"ಮಾವಾರ, ಅತ್ತಿ ಈಗ ಬಾಯಿ ಬಿಟ್ಟಾರ. ಡಾಕ್ಟರ ಕಣ್ಣಿಗೆ ಬೀಳಬಾರದಂತ ಮುಂಜಾನಿ ನೀವಿಬ್ರೂ ಕೂಡಿ ನನಗ ತಿಳೀದಂಗ ಬುಟ್ಯಾಗ ಇಳಿಬಿಟ್ಟೀರಿ. ಗಾಳಿಗೆ ಕಲ್ಲು ಒಂಚೂರು ಸರಿಸಿಟ್ಟಿದ್ರಂತ. ಆಳುಗಳು ಅದನ್ನ ಮುಚ್ಚಿ ಸಾರಿಸ್ಯಾರ. ನೀವು ನೋಡಿಕೋತ ಭಾಷಣ ಮಾಡಿದ್ರಿ!"

ಮಾಮಲೇದಾರ "ಏನಿದು, ಏನಿದು" ಎನ್ನುತ್ತ ಕುರ್ಚಿಯಲ್ಲಿಯೇ ಇದ್ದ. ಡಾಕ್ಟರ ಕುರ್ಚಿಯ ಬೆನ್ನು ಹಿಡಿದು ಸಾಹೇಬನ ಸಮೇತ ಪಕ್ಕಕ್ಕೆ ಉರುಳಿಸಿದ. ಜಮಖಾನೆ ಎಳೆದೆಸೆದ. ಇನ್ನೂ ಹಸಿಯಿದ್ದ ಸೆಗಣಿಯಲ್ಲಿ ಹೊನ್ನವ್ವ ಬೆರಳು ಹೂತು ಕಲ್ಲಿನ ಅಂಚು ಹುಡುಕಿದಳು. ಡಾಕ್ಟರ, ಮುನಾಫ ಇಬ್ಬರೂ ದೂಡಿದ ಮೇಲೆ ಕಲ್ಲು ಸರಿಯಿತು. ಒಳಗಿನಿಂದ ಮುಗ್ಗಿದ ಜೋಳದ ಬಿಸಿ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಸ್ಪಿರಿಟ್ ದೀಪವನ್ನು ಬಾಯಿಯ ಹತ್ತಿರ ಹಿಡಿದರೆ ಅದು ಆರಿತು.

"ಇಳೀಬ್ಯಾಡೋ ಮುನಾಫ, ಒಳಗ ಕೆಟ್ಟ ಗಾಳಿ ಐತಿ! ಹಗ್ಗ ನೋಡು, ಹಗ್ಗ!"

ಬುಟ್ಟಿಯ ಹಗ್ಗದ ತುದಿ ಕಲ್ಲಿನ ಸಂದಿಯಲ್ಲಿಯೇ ಸಿಕ್ಕಿಕೊಂಡಿತ್ತು. ಮುನಾಫ ಎಳೆದ. ಬುಟ್ಟಿಯೊಳಗೆ ಗುಡ್ಡಪ್ಪ, ರೇಶಿಮೆ ಕುಲಾವಿ ಹಾಕಿಕೊಂಡು, ತುಟಿ ನೇರಳೆಯಾಗಿ, ಬಟ್ಟೆಯ ಗೊಂಬೆಯಂತೆ ಬಿದ್ದಿದ್ದ.

ಡಾಕ್ಟರ ಕಣ್ಣಿನ ರೆಪ್ಪೆ ಎತ್ತಿ ನೋಡಿದ. ಪಾಪೆ ಸೂಜಿಯ ಮೊನೆಯಷ್ಟಾಗಿತ್ತು.

"ಏನ ತಿನಿಸೀರಿ ಇದಕ್ಕ?" ಎಂದು ಬಾಗಿಲ ಕಡೆ ಗುಡುಗಿದ.

"ಒಂದೀಟ ಅಫೀಮ ನೆಕ್ಕಿಸೀನ್ರಿ," ಸಿದ್ದವ್ವ ಒಳಗಿನಿಂದಲೇ ಅಂದಳು. "ಅಳಬಾರದಂತ..."

ಡಾಕ್ಟರ ನೆಲದ ಮೇಲೆಯೇ ಕೂತು ಕೂಸಿನ ಬಾಯಿಗೆ ಬಾಯಿಯಿಟ್ಟು ಊದಿದ. "ಅಯ್ಯಯ್ಯ, ಎಂಜಲ" ಎಂದು ಯಾರೋ ಅಂದರು. ಊದಿದ, ಅಂಗಾಲಿಗೆ ಹೊಡೆದ, ಮತ್ತೆ ಊದಿದ. ತಣ್ಣೀರು ಎರಚಿದ. ಅವನಿಗೆ ನಾಚಿಕೆಯಾಯಿತು ಎಂದರೆ ಕಥೆಗೆ ಚೆಂದ. ನಾಚಿಕೆಗೆ ಪುರುಸೊತ್ತಿರಲಿಲ್ಲ. ಒಬ್ಬ ಮೂಢನ ಬೆವರು ನೋಡಿ ಸುಖಪಡುತ್ತ ತಾನೇ ಆ ಕುರ್ಚಿಯನ್ನು ಅಲ್ಲಿ ನಿಲ್ಲಿಸಿದ್ದೆ, ತಾನೇ ಭಾಷಣ ಮಾಡಿಸಿದ್ದೆ ಎಂಬ ಸಂಗತಿ ಮಾತ್ರ ಹಲ್ಲಿನ ಸಂದಿಯ ಕಲ್ಲಿನಂತೆ ಕಡಿಯುತ್ತಿತ್ತು. ಹಾಗೆಯೇ ಊದಿದ.

ಕೊನೆಗೆ ಕೂಸು ಒಮ್ಮೆ ಬಿಕ್ಕಿತು. ಎದೆ ಏರಿತು. ಕಾರಿಕೊಂಡಿತು. ಆಮೇಲೆ ಊರಿಗೆಲ್ಲ ಕೇಳುವಂತೆ ಅತ್ತಿತು.

ಹೊನ್ನವ್ವ ಅಳಲಿಲ್ಲ. ಸೆಗಣಿಯ ಕೈಯಿಂದಲೇ ಕೂಸನ್ನು ಎತ್ತಿಕೊಂಡಳು.

ಮಾಮಲೇದಾರನಿಗೆ ಕೂಸು ಕಾಣಲಿಲ್ಲ, ಜೋಳ ಕಂಡಿತು. ಕೆಳಗೆ ಬಿದ್ದವನು ಎದ್ದು ಧೂಳು ಕೊಡವಿಕೊಂಡು ಹಗೇವಿನ ಬಾಯಿಗೆ ಬಗ್ಗಿ, ಕೋಲು ಇಳಿಸಿ ಆಳ ನೋಡಿದ. "ಚನ್ನವೀರಪ್ಪ, ಇದೇನು?" ಎಂದ. ಮೊಮ್ಮಗ ಉಸಿರಾಡುತ್ತಾನೋ ಇಲ್ಲವೋ ಎಂದು ಕೇಳದಿದ್ದ ದೇಸಾಯಿಗೆ ಆಗ ಬಾಯಿ ಬಂತು. "ಬಿತ್ತಾಕ ಇಟ್ಟಿದ್ದು ಸಾಹೇಬರ, ಬಿತ್ತಾಕ! ಒಳಗ ಬರ್ರಿ, ಕುಂತು ಮಾತಾಡೂಣು" ಎಂದು ಕೈಮುಗಿಯುತ್ತ ಸಾಹೇಬನ ಹಿಂದೆ ಪಡಸಾಲೆಗೆ ಓಡಿದ. ಜನ ಜೋಳ ಎಷ್ಟಿದ್ದೀತೆಂದು ಅಂದಾಜು ಕಟ್ಟುತ್ತ ಹಗೇವಿನ ಸುತ್ತ ಮುಕುರಿದರು. ಈ ಜನಕ್ಕಾಗಿ ತಾನು ಯಲವಿಗಿಯಿಂದ ಬೆನ್ನು ಮುರಿದುಕೊಂಡು ಬಂದೆನಲ್ಲ ಎಂದು ಡಾಕ್ಟರ ನೆಲಕ್ಕೆ ಉಗುಳಿದ. ಈ ಸಲ ಎಲ್ಲರ ಮುಂದೆಯೇ.

ಕೂಸಿಗೆ ಹಾಲಿಲ್ಲದ ಚಹಾ ಕುಡಿಸಿ, ನಿದ್ದೆ ಹೋಗದಂತೆ ಹೊತ್ತುಕೊಂಡು ಅಡ್ಡಾಡಿಸಲು ಡಾಕ್ಟರ ಹೇಳಿದ. ಹೊನ್ನವ್ವ ಚಪ್ಪರದ ತುಂಬ ಅಡ್ಡಾಡಿದಳು. ಮುನಾಫ ಲಸಿಕೆಯ ಬಟ್ಟೆಗೆ ಮತ್ತೆ ಮತ್ತೆ ನೀರು ಚಿಮುಕಿಸಿದ. ಬಿಸಿಲು ವಾಲುವ ಹೊತ್ತಿಗೆ ಕೂಸು ಒಂದು ಬಾಳೆಹಣ್ಣು ತಿಂದು, ಡಾಕ್ಟರನ ಕೊರಳಿನ ಸ್ಟೆತಾಸ್ಕೋಪಿಗೆ ಕೈಚಾಚಿತು. ಎದೆಯ ಸದ್ದು ನೆಟ್ಟಗಿತ್ತು.

ಸಿದ್ದವ್ವ ಹೊಸ್ತಿಲಲ್ಲಿ ನಿಂತು, "ಇವತ್ತ ಬ್ಯಾಡಂತ್ರಿ. ಅವರು ಅಂದಾರ, ಕೂಸು ದಣದೈತಿ, ಅಮಾಸಿ ದಾಟಲಿ..." ಎಂದಳು.

"ಅತ್ತಿ," ಹೊನ್ನವ್ವ ಅಂಗಳದಲ್ಲಿಯೇ ನೆಲಕ್ಕೆ ಕೂತು ಕೂಸನ್ನು ತೊಡೆಯ ಮೇಲಿಟ್ಟುಕೊಂಡಳು. "ಮಾವಾರಿಗೆ ಹೇಳ್ರಿ, ಹಾಕಿಸಿದ ಮ್ಯಾಲ ಕೇಳತಾಳಂತ." ಕೂಸಿನ ಅಂಗಿಯ ತೋಳನ್ನು ಹೆಗಲತನಕ ಮೇಲೆ ಸರಿಸಿ, "ಹಾಕ್ರಿ ಡಾಕ್ಟರ" ಎಂದಳು.

ಡಾಕ್ಟರ ಮಂಡಿಯೂರಿದ. ತೋಳು ತೊಳೆದು ಒರೆಸಿದ. ಕೊಳವೆಯ ತುದಿ ಮುರಿದು ಹನಿ ಬೀಳಿಸಿ, ಅದರ ಮೇಲೆ ಗೀರಿದ. ಗುಡ್ಡಪ್ಪ ಕಿರುಚಿ ಅವನ ಮೂಗಿಗೆ ಗುದ್ದಿದ.

"ಒಣಗೂತನಕ ಯಾರೂ ಮುಟ್ಟಬ್ಯಾಡ್ರಿ. ಒರಸಿದ್ರ ದೇವಿ ಹತ್ತೂದಿಲ್ಲ."

ಸಿದ್ದವ್ವ ಸೆರಗಿನ ಚುಂಗು ಹಿಡಿದು, ಒರೆಸಿಬಿಡಲೆಂದು ಹೊಸ್ತಿಲಿಳಿದು ಬಗ್ಗಿದಳು. ಹೊನ್ನವ್ವ ಅತ್ತೆಯ ಮಣಿಕಟ್ಟನ್ನು ಗಾಳಿಯಲ್ಲಿಯೇ ಹಿಡಿದಳು. ಬಿಡಲಿಲ್ಲ. ಡಾಕ್ಟರ ಕೂಸಿನ ಇನ್ನೊಂದು ಕೈ ಹಿಡಿದುಕೊಂಡಿದ್ದ. ಮೂವರೂ ಹಾಗೆಯೇ ಇದ್ದರು. ಸಂಜೆಯ ಗಾಳಿಗೆ ಎಳೆಯ ತೋಳಿನ ಮೇಲಿನ ಹನಿ ಮೊದಲು ಅಂಚಿನಲ್ಲಿ, ಆಮೇಲೆ ನಡುವಿನಲ್ಲಿ, ಪೂರಾ ಒಣಗಿತು.