ಒಂದೇ ತಟ್ಟೆಯ ಎರಡು ಮೂಳೆ

ಲೋಹದ ಪುಡಿಯನ್ನು ಲೇಸರಿನಿಂದ ಪದರಪದರವಾಗಿ ಕರಗಿಸಿ, ಜಾಲರಿಯಂಥ ಕೃತಕ ಮೂಳೆ ಮಾಡುವ ಕಾರ್ಖಾನೆಯಲ್ಲಿ ಅಕ್ಕನದು ಮುರಿಯುವ ಕೆಲಸ. ಮೂಳೆಗಳು ಬೆಳೆಯುವ ಲೋಹದ ತಟ್ಟೆಯ ಮೇಲೇ ಅವುಗಳ ಜೊತೆ ಹೆಬ್ಬೆರಳಷ್ಟು ಸ್ಯಾಂಪಲ್ ಒಂದನ್ನೂ ಬೆಳೆಸುತ್ತಾರೆ. ಅವಳು ಅದನ್ನು ಮಷೀನಿನಲ್ಲಿಟ್ಟು ಹಿಂಡಬೇಕು. ಅದು ತಡೆದುಕೊಂಡರೆ ಮೂಳೆಯೂ ಗಟ್ಟಿ ಎಂದು ಲೆಕ್ಕ.

ಈ ಸಲ ಮಷೀನು ಕೆಟ್ಟು ಕೂತಿತ್ತು. "ಯಾವತ್ತಾದ್ರೂ ಫೇಲಾಗಿದ್ಯಾ? ಕಳಿಸಿಬಿಡಿ, ಆಮೇಲೆ ಹಿಂಡಿದ್ರಾಯ್ತು" ಎಂದರು ಮ್ಯಾನೇಜರು. ಆ ತಟ್ಟೆಯ ಎರಡು ಮೂಳೆಗಳೂ ಹೋದವು. ಒಂದನ್ನು ಬೇರೆ ಆಸ್ಪತ್ರೆಯಲ್ಲಿ ಯಾರೋ ಲಾರಿ ಡ್ರೈವರನಿಗೆ ನಿನ್ನೆಯೇ ಕೂಡಿಸಿದ್ದರು. ಇನ್ನೊಂದು ಅವಳ ಸ್ವಂತ ತಂಗಿಯ ಕಾಲಿಗೆ, ಇವತ್ತು.

"ನನ್ನ ಕಾಲಿಗೇ ಜಾಲರಿ ಹಾಕಿಸ್ತಿದೀಯ, ಇನ್ನು ಸೊಳ್ಳೆ ಒಳಗೆ ಬರಲ್ಲ ಬಿಡು" ಎಂದು ತಂಗಿ ಬೆಳಗ್ಗೆ ಫೋನಿನಲ್ಲಿ ನಕ್ಕಿದ್ದಳು.

ಫೋನಿಟ್ಟ ಅಕ್ಕ, ರಿಪೇರಿಯಾದ ಮಷೀನಿಗೆ ಸ್ಯಾಂಪಲ್ ಕೊಟ್ಟಳು. ಒಳ್ಳೆಯ ಜಾಲರಿ ಒತ್ತಿದರೆ ಸಾಲುಸಾಲಾಗಿ ಮಡಚಿಕೊಳ್ಳುತ್ತದೆ. ಇದು ಅರ್ಧ ಭಾರಕ್ಕೇ ಓರೆಯಾಗಿ ಸೀಳಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜಾಲರಿಯ ಕಡ್ಡಿಗಳ ಒಳಗೆಲ್ಲ ಕರಗದ ಪುಡಿ, ಅರೆಬೆಂದ ಕಾಳಿನ ಹಾಗೆ. ತಕ್ಷಣ ತಂಗಿಯ ಆಸ್ಪತ್ರೆಗೆ ಫೋನು ಮಾಡಿದಳು.

"ಡಾಕ್ಟ್ರೇ, ಆ ಮೂಳೆ ಹಾಕಬೇಡಿ."

"ಮುರಿದಿದ್ದು ಸ್ಯಾಂಪಲ್ಲಮ್ಮ. ನನ್ನ ಹತ್ರ ಇರೋದು ಚೆನ್ನಾಗೇ ಇರಬಹುದಲ್ಲ?"

"ಇರಬಹುದು. ಹಿಂಡಿದ್ರೇನೇ ಗೊತ್ತಾಗೋದು. ಹಿಂಡಿದ್ರೆ ಉಳಿಯಲ್ಲ."

"ಇನ್ನೊಂದು ಮಾಡೋಷ್ಟರಲ್ಲಿ ಕಾಲೇ ಕೈಬಿಟ್ಟು ಹೋದ್ರೆ?"

"ವಾಪಸ್ ಕಳಿಸಿ" ಎಂದಳು.

ಮಧ್ಯಾಹ್ನ ತಂಗಿಯ ಗಂಡ ಮೂಳೆಯ ಡಬ್ಬಿ ತಂದ. "ಅಕ್ಕ, ಇದು ಚೆನ್ನಾಗಿದ್ರೆ ಏನ್ ಗತಿ?"

ಅವಳು ಡಬ್ಬಿ ಬಿಚ್ಚಿದಳು. ಮೂಳೆಯನ್ನಿಟ್ಟು ಗುಂಡಿ ಒತ್ತಿದಳು. ಭಾರ ಏರತೊಡಗಿತು. ಮುರೀಲಪ್ಪ, ಇದೂ ಮುರೀಲಿ ಎಂದು ಕಂಡ ದೇವರಿಗೆಲ್ಲ ಮೊರೆಯಿಟ್ಟಳು. ತಾನು ಬೇಡುತ್ತಿರುವುದು ಏನೆಂದು ಅವಳಿಗೆ ಹೊಳೆಯಲಿಲ್ಲ.

ಅರ್ಧ ಭಾರಕ್ಕೇ ಓರೆಯಾಗಿ ಸೀಳಿತು.

"ಸದ್ಯ, ಬದುಕಿದ್ವಿ" ಎಂದು ಅಲ್ಲೇ ಕುಸಿದು ಕೂತು ಅತ್ತಳು. ತಂಗಿಯ ಗಂಡ ಕೈಮುಗಿದ. ಅವಳು ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಗೋಡೆಗೊರಗಿಸಿದ್ದ ತಟ್ಟೆ ಕಂಡಿತು. ಅದರ ಮೇಲೆ ಮೂಳೆ ಕತ್ತರಿಸಿ ತೆಗೆದ ಗುರುತು ಒಂದಲ್ಲ, ಎರಡು.

ಬೆಳಗ್ಗೆಯಿಂದ ಆ ಡ್ರೈವರ್ ಅವಳಿಗೆ ನೆನಪೇ ಆಗಿರಲಿಲ್ಲ. ಅವನ ಆಸ್ಪತ್ರೆಗೆ ಫೋನು ಮಾಡಿದಳು.

"ಲಾರಿ ಡ್ರೈವರಾ? ಆರಾಮಾಗಿದಾರೆ" ಎಂದಳು ನರ್ಸು, ಸಂತೋಷದಿಂದ. "ಈಗಷ್ಟೇ ಎಬ್ಬಿಸಿ ನಿಲ್ಲಿಸ್ತಿದೀವಿ, ಒಂದ್ನಿಮಿಷ ಇರಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.